ಗೊರೆಹಬ್ಬದಿಂದ ಗೊರೆಹಬ್ಬಕ್ಕೆ: ಕೂದಲು ಕಸಿಯ ಒಂದು ವರ್ಷ

ಕೂದಲು ಕಸಿ ಮಾಡಿಸಿಕೊಳ್ಳುವವರಿಗೆ ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ನೆಟ್ಟ ಕೂದಲು ಬೆಳೆಯುವ ಮುಂಚೆ ಉದುರುತ್ತದೆ. ಎರಡು–ಮೂರನೇ ವಾರದಲ್ಲಿ ಶುರುವಾದರೆ ಎರಡು ತಿಂಗಳು ತುಂಬುವಷ್ಟರಲ್ಲಿ ಬಹುಪಾಲು ಹೋಗಿರುತ್ತದೆ. ಆಮೇಲೆ ಒಂದೆರಡು ತಿಂಗಳು ತಲೆ ಕಸಿಗೆ ಮುಂಚೆ ಹೇಗಿತ್ತೋ ಹಾಗೆಯೇ, ಕೆಲವರಿಗೆ ಅದಕ್ಕಿಂತ ತುಸು ಕಡೆಯಾಗಿಯೇ ಕಾಣುತ್ತದೆ. ಆಸ್ಪತ್ರೆಯವರು ಇದನ್ನು ಹೇಳಿರುತ್ತಾರೆ. ಆದರೆ ಮುಂಗಡ ಕಟ್ಟುವ ಹುರುಪಿನಲ್ಲಿ ಅದು ತಲೆಗೆ ಹೋಗಿರುವುದಿಲ್ಲ. ಊರಿಗೆ ಬಂದು, ದಿಂಬಿನ ಮೇಲೆ ಉದುರಿದ ಕೂದಲು ನೋಡಿದ ದಿನ ಎದೆ ಧಸಕ್ಕೆನ್ನುತ್ತದೆ.

ತಾಳವಾಡಿ ಬೆಟ್ಟಸೀಮೆಯಲ್ಲಿ ಈ ಕಾಯುವ ಕಾಲ ಇನ್ನಷ್ಟು ಬಿಗಿ. ಆಡಳಿತಕ್ಕೆ ಈರೋಡು ಜಿಲ್ಲೆ, ಮಾತಿಗೆ ಕನ್ನಡ, ಸಂತೆ–ನೆಂಟಸ್ತಿಕೆಗೆ ಚಾಮರಾಜನಗರ ಎನ್ನುವಂಥ ಜಾಗ ಇದು. ಕಸಿ ಮಾಡಿಸಲು ಜನ ಒಂದೋ ದಿಂಬಂ ಘಾಟಿ ಇಳಿದು ಕೊಯಮತ್ತೂರಿಗೆ ಹೋಗಬೇಕು, ಇಲ್ಲವೇ ಚಾಮರಾಜನಗರ ದಾಟಿ ಮೈಸೂರು, ಬೆಂಗಳೂರಿಗೆ. ಆಪರೇಷನ್ ಅಲ್ಲಿ ಒಂದು ದಿನದ ಕೆಲಸ. ಉಳಿದ ವರ್ಷ ಕಳೆಯುವುದು ಇಲ್ಲಿ, ಕೋಸು, ಬೆಳ್ಳುಳ್ಳಿ, ಟೊಮೆಟೊ ಹೊಲಗಳ ನಡುವೆ. ಆಸ್ಪತ್ರೆಯ ಸೂಚನೆ ಚೀಟಿ ಬರೆದಿರುವುದು ಎಸಿ ಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂರುವವನಿಗೆ. ತಲೆಗೆ ಟವಲ್ ಸುತ್ತಿ ಕ್ರೇಟ್ ಹೊರುವವನ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರುವುದಿಲ್ಲ. ಅದೂ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ.

ಬೋಳು ತಲೆ ಕಾಯಿಲೆಯಲ್ಲ ಎಂಬುದನ್ನೂ ಇಲ್ಲೇ ಹೇಳಿ ಮುಂದೆ ಹೋಗೋಣ. ಇದೇ ತಾಳವಾಡಿ ಸೀಮೆಯ ಗಾಜನೂರಿನಲ್ಲಿ ಹುಟ್ಟಿದ ಡಾ. ರಾಜ್‌ಕುಮಾರ್ ಪಾತ್ರಕ್ಕೆ ಬೇಕಾದಾಗ ವಿಗ್ ತೊಟ್ಟರು. ಜನರ ಪ್ರೀತಿ ವಿಗ್ಗಿಗೆ ಅಂಟಿಕೊಂಡಿರಲಿಲ್ಲ. 2017ರಲ್ಲಿ ರಾಜ್ ಬಿ. ಶೆಟ್ಟಿ ಮಾಡಿದ ‘ಒಂದು ಮೊಟ್ಟೆಯ ಕಥೆ’ಯ ನಾಯಕ, ಬೋಳು ತಲೆಯ ಕನ್ನಡ ಮೇಷ್ಟ್ರು, ಧೈರ್ಯಕ್ಕೆ ನೆಚ್ಚಿಕೊಳ್ಳುವುದೂ ರಾಜ್‌ಕುಮಾರರನ್ನೇ. ಅಷ್ಟಾದರೂ ಹೆಣ್ಣು ನೋಡಲು ಹೊರಟ ಹುಡುಗನ ಸಂಕಟ ಬೇರೆ. ರೈತರ ಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲವೆಂದು 2023ರಲ್ಲಿ ಮಂಡ್ಯ ಕಡೆಯ ಅವಿವಾಹಿತರು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆಯನ್ನೇ ಮಾಡಿದರು. ಜಮೀನು, ಸಂಬಳದ ಪ್ರಶ್ನೆಗಳ ಜೊತೆ ತಲೆಯ ಪ್ರಶ್ನೆಯೂ ಸೇರಿಕೊಂಡರೆ ಮೂವತ್ತರ ಹುಡುಗ ಕಸಿಯ ಕಡೆ ನೋಡುವುದರಲ್ಲಿ ಆಶ್ಚರ್ಯವಿಲ್ಲ. ಅವನಿಗೆ ಹೇಳಬೇಕಾದದ್ದು ಇಷ್ಟೇ: ಮದುವೆ ನಿಶ್ಚಯವಾದ ಮೇಲೆ ಕಸಿ ಮಾಡಿಸಿದರೆ ಮುಹೂರ್ತಕ್ಕೆ ಕೂದಲು ಬರುವುದಿಲ್ಲ. ಕಡೇ ಪಕ್ಷ ಹತ್ತು–ಹನ್ನೆರಡು ತಿಂಗಳು ಮುಂಚೆ ಆಗಿರಬೇಕು.

ನೆಡುವುದು ಏನನ್ನು?

ಗಂಡಸರಲ್ಲಿ ಹಣೆ ಮತ್ತು ನೆತ್ತಿಯ ಕೂದಲು ಹೋಗುವುದಕ್ಕೆ ಮುಖ್ಯ ಕಾರಣ ವಂಶದಿಂದ ಬಂದ ಗುಣ ಮತ್ತು ಡಿಎಚ್‌ಟಿ ಎಂಬ ಹಾರ್ಮೋನು. ಟೆಸ್ಟೋಸ್ಟೆರಾನಿನಿಂದಲೇ ದೇಹ ಇದನ್ನು ತಯಾರಿಸುತ್ತದೆ. ಹಣೆ–ನೆತ್ತಿಯ ಕೂದಲ ಬುಡಗಳು ಇದರ ಪ್ರಭಾವಕ್ಕೆ ಸಿಕ್ಕಿ ವರ್ಷ ವರ್ಷಕ್ಕೂ ಸಣ್ಣಗಾಗುತ್ತಾ ಹೋಗಿ ಕೊನೆಗೆ ನವಿರು ರೋಮವಾಗಿಬಿಡುತ್ತವೆ. ಹಿಂದಲೆಯಿಂದ ಎರಡೂ ಕಿವಿಗಳವರೆಗೆ ಲಾಳದ ಆಕಾರದಲ್ಲಿ ಉಳಿಯುವ ಕೂದಲಿಗೆ ಈ ಬಾಧೆ ಕಡಿಮೆ. ಅಲ್ಲಿಂದ ಕಿತ್ತು ಮುಂದೆ ನೆಟ್ಟರೂ ಆ ಬುಡ ತನ್ನ ಹುಟ್ಟುಗುಣ ಬಿಡುವುದಿಲ್ಲ. ನ್ಯೂಯಾರ್ಕಿನ ಚರ್ಮವೈದ್ಯ ನಾರ್ಮನ್ ಒರೆಂಟ್ರೈಕ್ 1952ರಲ್ಲಿ ಮೊದಲ ಬಾರಿ ಹೀಗೆ ಮಾಡಿ, 1959ರಲ್ಲಿ ಪ್ರಕಟಿಸಿದ ಬರಹದಲ್ಲಿ ತೋರಿಸಿಕೊಟ್ಟದ್ದು ಇದನ್ನೇ. ಜಪಾನಿನ ಶೋಜಿ ಒಕುಡ 1939ರಲ್ಲೇ ಕೂದಲ ಬುಡಗಳನ್ನು ಕಸಿ ಮಾಡಿ ಬರೆದಿದ್ದರು. ಮಹಾಯುದ್ಧದ ಗದ್ದಲದಲ್ಲಿ ಅದು ಹೊರಗಿನವರ ಕಣ್ಣಿಗೆ ಬೀಳಲಿಲ್ಲ.

ಈಗಿನ ವಿಧಾನ ಎರಡು. ಎಫ್‌ಯುಟಿಯಲ್ಲಿ ಹಿಂದಲೆಯಿಂದ ಚರ್ಮದ ಉದ್ದನೆ ಪಟ್ಟಿ ಕತ್ತರಿಸಿ, ಅದರಿಂದ ಬುಡಗಳನ್ನು ಬಿಡಿಸಿಕೊಳ್ಳುತ್ತಾರೆ. ಹೊಲಿಗೆ ಬೀಳುತ್ತದೆ, ಗೆರೆಯಂಥ ಕಲೆ ಉಳಿಯುತ್ತದೆ. ಎಫ್‌ಯುಇಯಲ್ಲಿ ಒಂದು ಮಿಲಿಮೀಟರಿನ ಆಸುಪಾಸಿನ ಕೊಳವೆಯಂಥ ಉಪಕರಣದಿಂದ ಒಂದೊಂದೇ ಬುಡ ತೆಗೆಯುತ್ತಾರೆ. ಹೊಲಿಗೆ ಇಲ್ಲ, ಚುಕ್ಕಿ ಚುಕ್ಕಿ ಕಲೆ. ಎರಡರಲ್ಲೂ ನೆಡುವುದು ಗ್ರಾಫ್ಟ್ ಅನ್ನು. ಒಂದು ಗ್ರಾಫ್ಟಿನಲ್ಲಿ ಒಂದರಿಂದ ನಾಲ್ಕು ಕೂದಲಿರುತ್ತದೆ. ಒಂದು ದಿನಕ್ಕೆ 2,000–3,000 ಗ್ರಾಫ್ಟ್ ನೆಡುವುದು ಸಾಮಾನ್ಯ. ನಮ್ಮ ತಲೆಯಲ್ಲಿ ಹುಟ್ಟಿನಿಂದ ಇರುವುದು ಸುಮಾರು ಒಂದು ಲಕ್ಷ ಕೂದಲು. ಹಿಂದಲೆಯಿಂದ ಜೀವಮಾನದಲ್ಲಿ ತೆಗೆಯಬಹುದಾದದ್ದು ಹೆಚ್ಚಿನವರಲ್ಲಿ 5,000–6,000 ಗ್ರಾಫ್ಟ್ ಅಷ್ಟೇ. ಆದ್ದರಿಂದ ಕಸಿಯಿಂದ ತಲೆ ತುಂಬಿದಂತೆ ಕಾಣಿಸಬಹುದೇ ಹೊರತು ಹದಿನೆಂಟರ ತಲೆ ವಾಪಸು ಬರುವುದಿಲ್ಲ. ಕಸಿ ಹೊಸ ಕೂದಲನ್ನು ಹುಟ್ಟಿಸುವುದೂ ಇಲ್ಲ, ಇರುವುದರ ಜಾಗ ಬದಲಿಸುತ್ತದೆ.

ಮೊದಲ ಹತ್ತು ದಿನ

ಚೇತರಿಕೆಯಲ್ಲಿ ನಿಮ್ಮ ಕೈಯಲ್ಲಿರುವುದರ ಬಹುಪಾಲು ಈ ಹತ್ತು ದಿನದಲ್ಲೇ ಇದೆ. ಆಮೇಲಿನದು ಹೆಚ್ಚಾಗಿ ದೇಹದ ಪಾಡು.

ನೆಟ್ಟ ಗ್ರಾಫ್ಟಿಗೆ ಮೊದಲ ಒಂದೆರಡು ದಿನ ಸ್ವಂತ ರಕ್ತನಾಳವಿರುವುದಿಲ್ಲ. ಸುತ್ತಲಿನ ಅಂಗಾಂಶದಿಂದ ಜಿನುಗುವ ದ್ರವದಲ್ಲೇ ಅದು ಜೀವ ಹಿಡಿದುಕೊಂಡಿರಬೇಕು. ಮೂರರಿಂದ ಐದು ದಿನದೊಳಗೆ ಸಣ್ಣ ನಾಳಗಳು ಕೂಡಿಕೊಳ್ಳುತ್ತವೆ. ಒಂಬತ್ತು–ಹತ್ತನೇ ದಿನದ ಹೊತ್ತಿಗೆ ಗ್ರಾಫ್ಟ್ ಗಟ್ಟಿಯಾಗಿ ಕೂತಿರುತ್ತದೆ. ಆಮೇಲೆ ಕೂದಲು ಕೈಗೆ ಬಂದರೂ ಬುಡ ಬರುವುದಿಲ್ಲ. ಅಲ್ಲಿಯವರೆಗೆ ಉಜ್ಜುವುದು, ಕೆರೆಯುವುದು, ತಲೆ ತಗುಲಿಸಿಕೊಳ್ಳುವುದು ಮೂರೂ ನಷ್ಟವೇ.

ಹಾಗಾಗಿ ಮೊದಲ ಪ್ರಶ್ನೆ ಊರಿಗೆ ಹೇಗೆ ಬರುವುದು ಎಂಬುದು. ಕೊಯಮತ್ತೂರಿನಲ್ಲಿ ಮಾಡಿಸಿಕೊಂಡರೆ ಅದೇ ಸಂಜೆ ಹೊರಡಬೇಡಿ. ಸತ್ಯಮಂಗಲ ಹುಲಿ ರಕ್ಷಿತಾರಣ್ಯದೊಳಗೆ ಹಾಯುವ ದಿಂಬಂ ರಸ್ತೆಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಅದಕ್ಕಿಂತ ಮುಖ್ಯ, ಮೊದಲ ರಾತ್ರಿ ರಕ್ತ ಜಿನುಗಿದರೆ ಆಪರೇಷನ್ ಮಾಡಿದ ವೈದ್ಯರು ಕೈಗೆಟುಕುವ ದೂರದಲ್ಲಿರಬೇಕು. ಒಂದು ರಾತ್ರಿ ಅಲ್ಲೇ ಉಳಿದು, ಮಾರನೇ ದಿನ ತಲೆ ತೋರಿಸಿ, ಬೆಳಕಿರುವಾಗ ಹೊರಡುವುದು ಸರಿ. ಘಾಟಿಯಲ್ಲಿ 27 ಹೇರ್‌ಪಿನ್ ತಿರುವುಗಳಿವೆ. ಬಸ್ಸಿನ ಕಿಟಕಿಯ ಸರಳಿಗೆ ತಲೆ ಕೊಟ್ಟು ನಿದ್ದೆ ಮಾಡುವ ಅಭ್ಯಾಸವಿದ್ದವರು ಅವತ್ತು ಕಿಟಕಿಯ ಸೀಟು ಬಿಟ್ಟುಬಿಡಿ. ಘಾಟಿಯಲ್ಲಿ ವಾಂತಿಯಾಗುವವರು ಮೊದಲೇ ವೈದ್ಯರಿಗೆ ಹೇಳಿ ಮಾತ್ರೆ ಕೇಳಿ ಪಡೆಯಿರಿ. ಮುಕ್ಕರಿದಾಗ ತಲೆಗೆ ರಕ್ತ ನುಗ್ಗುತ್ತದೆ, ಗಾಯ ಮತ್ತೆ ಒಸರುತ್ತದೆ.

ತಲೆಯಿಂದ ಎಳೆದು ತೆಗೆಯುವ ಟೀ ಶರ್ಟು, ಬನಿಯನ್ನು ಬೇಡ. ಮುಂದೆ ಗುಂಡಿ ಇರುವ ಅಂಗಿ ಇರಲಿ. ಮಲಗುವಾಗ ಎರಡು ಮೂರು ದಿಂಬು ಒಟ್ಟಿ, ತಲೆ ಎತ್ತರಕ್ಕಿಟ್ಟು ಅಂಗಾತ ಮಲಗಬೇಕು. ಬಸ್‌ಸ್ಟ್ಯಾಂಡುಗಳಲ್ಲಿ ಮಾರುವ, ಕತ್ತಿಗೆ ಹಾಕಿಕೊಳ್ಳುವ ದಿಂಬು ಇದಕ್ಕೆ ಒಳ್ಳೆಯದು. ಹೀಗೆ ಮಲಗಿದರೂ ಎರಡನೇ ಮೂರನೇ ದಿನಕ್ಕೆ ಹಣೆ ಊದಿಕೊಂಡು, ಬಾವು ಕೆಳಗಿಳಿದು, ಕೆಲವರಿಗೆ ಕಣ್ಣೇ ಮುಚ್ಚಿಹೋಗುವಷ್ಟಾಗುತ್ತದೆ. ಮನೆಯ ಹೆಂಗಸರು ಗಾಬರಿಯಾಗುವುದು ಇಲ್ಲೇ. ಅದು ನಂಜಲ್ಲ. ಆಪರೇಷನ್ನಿನ ವೇಳೆ ತಲೆಯ ಚರ್ಮದೊಳಗೆ ಚುಚ್ಚಿದ ಮದ್ದಿನ ನೀರು ಭಾರಕ್ಕೆ ಕೆಳಗಿಳಿಯುತ್ತಿರುತ್ತದೆ. ನಾಲ್ಕೈದು ದಿನಕ್ಕೆ ತಾನಾಗಿ ಹೋಗುತ್ತದೆ. ಹಣೆಗೆ ಬೇಕಾದರೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಬಹುದು. ನೆಟ್ಟ ಜಾಗಕ್ಕೆ ಮಾತ್ರ ತಾಗಿಸಬಾರದು.

ತಲೆ ತೊಳೆಯುವುದು ಯಾವ ದಿನದಿಂದ ಎಂಬುದು ವೈದ್ಯರಿಂದ ವೈದ್ಯರಿಗೆ ಬದಲಾಗುತ್ತದೆ. ಹೆಚ್ಚಿನವರು ಎರಡು ಮೂರನೇ ದಿನದಿಂದ ಹೇಳುತ್ತಾರೆ. ವಿಧಾನ ಒಂದೇ. ಮಕ್ಕಳ ಶಾಂಪೂವನ್ನು ನೀರಿನಲ್ಲಿ ಕಲಸಿ ನೊರೆ ಮಾಡಿಕೊಳ್ಳಿ, ನೊರೆಯನ್ನು ಮೆಲ್ಲಗೆ ಇಟ್ಟು ಬಿಡಿ, ಚೊಂಬಿನಿಂದ ನೀರು ಇಳಿಬಿಡಿ. ಹಂಡೆಯ ಸುಡುನೀರು ಬೇಡ, ಉಗುರು ಬೆಚ್ಚಗಿನ ಶುದ್ಧ ನೀರು ಸಾಕು. ಬೆರಳ ತುದಿಯಿಂದ ಮುಟ್ಟಬೇಕೇ ಹೊರತು ಉಗುರಿನಿಂದಲ್ಲ. ಟವಲ್ಲಿನಿಂದ ಒರೆಸದೆ ಹಾಗೇ ಆರಲು ಬಿಡಿ. ಪ್ರತಿ ಗ್ರಾಫ್ಟಿನ ಸುತ್ತ ಕಟ್ಟಿದ ಹಕ್ಕಳೆ ಏಳರಿಂದ ಹದಿನಾಲ್ಕು ದಿನದೊಳಗೆ ತಾನಾಗಿ ಉದುರುತ್ತದೆ. ಆ ಹೊತ್ತಿಗೆ ನವೆ ಜೋರಾಗಿರುತ್ತದೆ. ಕಿತ್ತರೆ ಹಕ್ಕಳೆಯ ಜೊತೆ ಬುಡವೂ ಬರಬಹುದು. ನಿದ್ದೆಯಲ್ಲಿ ಕೆರೆದುಕೊಳ್ಳುವವರು ಉಗುರು ಕತ್ತರಿಸಿಕೊಳ್ಳಲಿ.

ಇನ್ನು ಮನೆಮದ್ದು. ಅರಿಶಿನದ ನಾಡು ಇದು. ಗಾಯ ಎಂದರೆ ಕೈ ಮೊದಲು ಹೋಗುವುದು ಅರಿಶಿನದ ಡಬ್ಬಿಗೆ. ಹರಳೆಣ್ಣೆ, ಕೊಬ್ಬರಿ ಎಣ್ಣೆಯ ಸಲಹೆಯೂ ಬರುತ್ತದೆ. ಸಾವಿರಾರು ಹಸಿ ತೂತಿರುವ ಚರ್ಮದ ಮೇಲೆ ಇವು ಯಾವುವೂ ಬೇಡ. ಪುಡಿ ಕೂತು ಹಕ್ಕಳೆ ದಪ್ಪವಾಗುತ್ತದೆ, ಎಣ್ಣೆ ಧೂಳು ಹಿಡಿಯುತ್ತದೆ, ಕೀವಿಗೆ ದಾರಿಯಾಗುತ್ತದೆ. ಕೊಟ್ಟ ಆಂಟಿಬಯಾಟಿಕ್ ಮಾತ್ರೆಯನ್ನು ನೋವು ಇಲ್ಲವೆಂದು ಅರ್ಧಕ್ಕೆ ನಿಲ್ಲಿಸಬಾರದು. ಬೀಡಿ, ಸಿಗರೇಟು ಕನಿಷ್ಠ ಮೂರು ನಾಲ್ಕು ವಾರ ಬಿಡಬೇಕು. ನಿಕೋಟಿನ್ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಈ ಬುಡಗಳು ಬದುಕುವುದೇ ರಕ್ತದ ಮೇಲೆ. ಹೆಂಡ, ಬ್ರಾಂದಿಯೂ ಮೊದಲ ವಾರ ದೂರವಿರಲಿ.

ಹೆಲ್ಮೆಟ್ಟಿನದು ಇಲ್ಲಿಯ ನಿಜವಾದ ಸಂಕಟ. ಬೈಕು ಇಲ್ಲದೆ ಹೊಲಕ್ಕೂ ಸಂತೆಗೂ ಹೋಗಲಾಗದ ಊರುಗಳಿವು. ಹೆಲ್ಮೆಟ್ ಹಾಕಿದರೆ ಗ್ರಾಫ್ಟ್ ಉಜ್ಜುತ್ತದೆ, ಹಾಕದಿದ್ದರೆ ತಲೆಯೇ ಹೋಗಬಹುದು. ಇದಕ್ಕೆ ನಡುವಿನ ಉಪಾಯವಿಲ್ಲ: ಎರಡು ವಾರ ಬೈಕ್ ಓಡಿಸಬೇಡಿ. ಆಮೇಲೂ ವೈದ್ಯರನ್ನು ಕೇಳಿ, ಒಳಗೆ ಸ್ವಚ್ಛವಿರುವ, ತುಸು ಸಡಿಲವಾದ ಹೆಲ್ಮೆಟ್ಟನ್ನು ನೇರವಾಗಿ ಮೇಲಿನಿಂದ ಇಳಿಸಿ ಹಾಕಿಕೊಳ್ಳಿ. ಹುಲ್ಲಿನ ಹೊರೆ, ಸೌದೆ, ಕೋಸಿನ ಮೂಟೆ ತಲೆಯ ಮೇಲೆ ಹೊರುವುದು ಕನಿಷ್ಠ ಒಂದು ತಿಂಗಳು ಬೇಡ. ಎಫ್‌ಯುಟಿ ಆದವರಿಗೆ ಇನ್ನೂ ಹೆಚ್ಚು ಕಾಲ ಬೇಕು. ಹಿಂದಲೆಯ ಹೊಲಿಗೆ ಹತ್ತರಿಂದ ಹದಿನಾಲ್ಕು ದಿನಕ್ಕೆ ಬಿಚ್ಚಿದರೂ ಒಳಗಿನ ಗಾಯ ಬಲಿಯಲು ತಿಂಗಳುಗಳು ಹಿಡಿಯುತ್ತವೆ, ಬಗ್ಗಿ ಭಾರ ಎತ್ತಿದರೆ ಕಲೆ ಅಗಲವಾಗುತ್ತದೆ. ಟವಲ್ ಬಿಗಿದು ಸುತ್ತುವ ಬದಲು ಆಸ್ಪತ್ರೆಯಲ್ಲಿ ಕೊಡುವ ಸಡಿಲ ಟೋಪಿ ಇರಲಿ. ಔಷಧಿ ಸಿಂಪಡಿಸುವ ಕೆಲಸ, ಕೊಟ್ಟಿಗೆ ಬಾಚುವ ಕೆಲಸ, ಒಕ್ಕಣೆಯ ಧೂಳು, ಇವನ್ನು ಆ ತಿಂಗಳು ಮನೆಯವರಿಗೆ ಬಿಡಿ.

ಯಾವಾಗ ಮಾಡಿಸಿದರೆ ಅನುಕೂಲ ಎಂದು ಕೇಳಿದರೆ, ಇದೇ ಸೀಮೆಯ ಗುಮಟಾಪುರದ ಗೊರೆಹಬ್ಬ ಮುಗಿದ ಮೇಲೆ ಎನ್ನಬಹುದು. ಬಲಿಪಾಡ್ಯಮಿಯ ಮಾರನೇ ದಿನ ಬೀರೇಶ್ವರನ ಗುಡಿಯ ಬಳಿ ಊರ ಗಂಡಸರು ಸಗಣಿಯ ಗುಡ್ಡೆಗಿಳಿದು ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎರಚಾಡುವ ಹಬ್ಬ ಅದು. ಸಗಣಿ ಮೈಗೆ ಒಳ್ಳೆಯದೆಂಬ ನಂಬಿಕೆ ಊರಿನಲ್ಲಿದೆ. ನಂಬಿಕೆ ಇರಲಿ, ಹಸಿಗಾಯದ ತಲೆ ಹೊತ್ತು ಆ ಗುಡ್ಡೆಗೆ ಇಳಿಯಬಾರದು. ಧನುರ್ವಾಯುವಿನ ರೋಗಾಣು ಸಗಣಿ, ಮಣ್ಣಿನಲ್ಲಿ ಇರುವಂಥದ್ದು. ಟಿಟಿ ಚುಚ್ಚುಮದ್ದು ಆಗಿದೆಯೇ ಎಂದು ಆಪರೇಷನ್‌ಗೆ ಮುಂಚೆಯೇ ವೈದ್ಯರನ್ನು ಕೇಳಿಕೊಳ್ಳುವುದು ದನಕರು ಕಟ್ಟಿದವರಿಗೆಲ್ಲ ಒಳ್ಳೆಯದು. ಹಬ್ಬ ಆಡಿ ಮುಗಿಸಿ ಕಸಿಗೆ ಹೋದರೆ ಮುಂದಿನ ತಿಂಗಳುಗಳಲ್ಲಿ ಬಿಸಿಲು, ಬೆವರು ಕಡಿಮೆ. ಮುಂದಿನ ಗೊರೆಹಬ್ಬಕ್ಕೆ ಹೊಸ ತಲೆಯಲ್ಲಿ ಸಗಣಿ ಹೊಡೆಸಿಕೊಳ್ಳಬಹುದು.

ಉದುರಿದ ಮೇಲೆ

ದೀಪಾವಳಿ ಕಳೆದು ಕಸಿಯಾದರೆ ಕಾರ್ತಿಕ ಮುಗಿಯುವ ಹೊತ್ತಿಗೆ ಉದುರುವಿಕೆ ಶುರು. ಇದರ ಲೆಕ್ಕ ಕೂದಲಿನ ಹುಟ್ಟಿನಲ್ಲೇ ಇದೆ. ತಲೆಗೂದಲು ಎರಡರಿಂದ ಆರು ವರ್ಷ ಬೆಳೆಯುತ್ತದೆ, ಎರಡು ಮೂರು ವಾರ ಮುದುಡುತ್ತದೆ, ಸುಮಾರು ಮೂರು ತಿಂಗಳು ವಿಶ್ರಮಿಸಿ, ಮತ್ತೆ ಅದೇ ಬುಡದಿಂದ ಹೊಸದಾಗಿ ಮೂಡುತ್ತದೆ. ಯಾವುದೇ ಹೊತ್ತಿನಲ್ಲಿ ನೂರಕ್ಕೆ 85–90 ಕೂದಲು ಬೆಳೆಯುವ ಹಂತದಲ್ಲಿರುತ್ತವೆ. ಕಿತ್ತು ನೆಡುವಾಗ ಬುಡಕ್ಕೆ ಕೆಲ ಗಂಟೆ ರಕ್ತ ತಪ್ಪುತ್ತದೆ. ಆ ಆಘಾತಕ್ಕೆ ನೆಟ್ಟ ಬುಡಗಳೆಲ್ಲ ಒಟ್ಟಿಗೇ ವಿಶ್ರಾಂತಿಯ ಹಂತಕ್ಕೆ ಜಾರುತ್ತವೆ, ಮೇಲಿನ ಕೂದಲನ್ನು ಬಿಟ್ಟುಕೊಡುತ್ತವೆ. ಅರಿಶಿನದ ಹೊಲದಲ್ಲಿ ಎಲೆ ಒಣಗಿ ಮಡಿ ಬರಿದಾದಾಗ ಬೆಳೆ ಸತ್ತಿತೆಂದು ಯಾವ ರೈತನೂ ಅಳುವುದಿಲ್ಲ, ಗೆಡ್ಡೆ ಮಣ್ಣೊಳಗಿದೆ. ಇಲ್ಲಿಯೂ ಹಾಗೆಯೇ. ಉದುರಿದ ಕೂದಲ ತುದಿಯಲ್ಲಿ ಬಿಳಿಯ ಸಣ್ಣ ಗುಂಡುಕಾಳಿನಂಥದ್ದು ಕಂಡರೆ ಬುಡವೇ ಬಂತೆಂದು ತಿಳಿಯಬೇಡಿ. ಮುದುಡಿದ ಕೂದಲಿನ ತುದಿ ಇರುವುದೇ ಹಾಗೆ.

ಹಲವರಿಗೆ ಇನ್ನೊಂದು ಆಘಾತ ಕಾದಿರುತ್ತದೆ. ಕಸಿಗೆ ಮುಂಚೆ ಅಲ್ಲೇ ಇದ್ದ, ನೆಟ್ಟದ್ದಲ್ಲದ ಕೂದಲೂ ಜೊತೆಗೆ ಉದುರುತ್ತದೆ. ಗಟ್ಟಿ ಇದ್ದದ್ದು ನಾಲ್ಕೈದು ತಿಂಗಳಲ್ಲಿ ವಾಪಸು ಬರುತ್ತದೆ. ಆಗಲೇ ನವಿರಾಗಿ, ಇವತ್ತೋ ನಾಳೆಯೋ ಹೋಗಬೇಕಿದ್ದದ್ದು ಬಾರದೆಯೂ ಇರಬಹುದು. ಊರ ಕಟ್ಟೆಯ ಮೇಲೆ ಕೇಳಿಬರುವ “ಏನ್ಲಾ, ದುಡ್ ಕೊಟ್ಟು ಇದ್ದ ಕೂದ್ಲೂ ಕಳ್ಕಂಡ್ಯಾ?” ಎಂಬ ಮಾತು ಈ ದಿನಗಳದ್ದು. ಉತ್ತರ ಕೊಡುವುದಾದರೆ “ಯುಗಾದಿ ಕಳೀಲಿ, ನೋಡ್ವಂತೆ” ಎನ್ನಿ. ಯುಗಾದಿಗೆ ತುಂಬು ತಲೆ ಎಂದು ಮಾತ್ರ ಹೇಳಬೇಡಿ.

ಹೊಸ ಕೂದಲು ಕಾಣುವುದು ಮೂರು–ನಾಲ್ಕನೇ ತಿಂಗಳಿಂದ, ಅಂದರೆ ಶಿವರಾತ್ರಿಯ ಆಸುಪಾಸು. ಮೊದಲು ಬರುವುದು ಎಳೆಮಗುವಿನ ರೋಮದಂತೆ ತೆಳ್ಳಗೆ, ಕೆಲವರಿಗೆ ಗುಂಗುರು ಗುಂಗುರಾಗಿ. ಚರ್ಮದೊಳಗೆ ಸಿಕ್ಕಿಕೊಂಡ ಕೂದಲು ಅಲ್ಲಲ್ಲಿ ಗುಳ್ಳೆ ಏಳಿಸುತ್ತದೆ. ಒಂದೆರಡಾದರೆ ಬಿಸಿನೀರಿನ ಬಟ್ಟೆಯ ಶಾಖಕ್ಕೆ ಇಳಿಯುತ್ತದೆ, ಹಿಸುಕಬೇಡಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ; ಯಾವ ಎಣ್ಣೆಯೂ ಈ ವೇಗವನ್ನು ಇಮ್ಮಡಿ ಮಾಡದು. ಆರನೇ ತಿಂಗಳಿಗೆ ಅರ್ಧದಷ್ಟು ಫಲ ಕಣ್ಣಿಗೆ ಬೀಳುತ್ತದೆ. ಆಷಾಢದ ಹೊತ್ತಿಗೆ ಕ್ಷೌರದಂಗಡಿಯಲ್ಲಿ ಕತ್ತರಿಗೆ ಕೆಲಸ ಸಿಗುತ್ತದೆ. ಹನ್ನೆರಡನೇ ತಿಂಗಳಿಗೆ ಹಣೆಯ ಭಾಗ ಬಹುತೇಕ ಪೂರ್ತಿ. ನೆತ್ತಿಯ ಸುಳಿ ಯಾವಾಗಲೂ ಹಿಂದೆ. ಅದಕ್ಕೆ ಹದಿನೈದು, ಹದಿನೆಂಟು ತಿಂಗಳೂ ಬೇಕಾಗಬಹುದು. ನೆತ್ತಿಯಲ್ಲಿ, ಹಿಂದಲೆಯಲ್ಲಿ ಜೋಮು ಹಿಡಿದಂಥ ಮರಗಟ್ಟುವಿಕೆ ಕೆಲವು ತಿಂಗಳು ಉಳಿಯುವುದೂ ಸಹಜ.

ದಿನಾ ಕನ್ನಡಿ ನೋಡುವವನಿಗೆ ಬೆಳವಣಿಗೆ ಕಾಣುವುದಿಲ್ಲ. ತಿಂಗಳಿಗೊಮ್ಮೆ ಒಂದೇ ಜಾಗ, ಒಂದೇ ಬೆಳಕು, ಒಂದೇ ಕೋನದಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ವೈದ್ಯರೊಂದಿಗೆ ತಕರಾರು ಬಂದರೂ ಅದೇ ಆಧಾರ.

ಎರಡರಿಂದ ನಾಲ್ಕನೇ ತಿಂಗಳ ಈ ಬರಗಾಲದಲ್ಲೇ ಮಾರುವವರು ಹತ್ತಿರ ಬರುವುದು. ನಮ್ಮದೇ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾವನ್ನು ತಲೆಗೆ ಚುಚ್ಚುವ ಪಿಆರ್‌ಪಿಯ ಆರು ಸಲದ ಪ್ಯಾಕೇಜು, ಬಯೋಟಿನ್ ಮಾತ್ರೆಯ ಡಬ್ಬಿ, ಈರುಳ್ಳಿ ಎಣ್ಣೆ. ಆ ಹೊತ್ತಿಗೆ ಏನು ತೆಗೆದುಕೊಂಡರೂ ಮುಂದಿನ ತಿಂಗಳು ಕೂದಲು ಬರುತ್ತದೆ, ಹೆಸರು ಆ ಡಬ್ಬಿಗೆ ಹೋಗುತ್ತದೆ. ನೆಟ್ಟ ಕೂದಲು ಬರಲು ಇವು ಯಾವುವೂ ಕಡ್ಡಾಯವಲ್ಲ. ಬಯೋಟಿನ್ ಹೆಚ್ಚಾಗಿ ತಿಂದರೆ ಥೈರಾಯ್ಡ್, ಹೃದಯದ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವೇ ತಪ್ಪಾಗಿ ಬರಬಹುದೆಂದು ಅಮೆರಿಕದ ಎಫ್‌ಡಿಎ 2017ರಲ್ಲಿ ಎಚ್ಚರಿಸಿತ್ತು.

ನಿಜವಾಗಿ ಲೆಕ್ಕಕ್ಕೆ ಬರುವ ಔಷಧ ಎರಡು. ರಕ್ತದೊತ್ತಡಕ್ಕೆಂದು ಬಂದು ಮೈಮೇಲೆ ಕೂದಲು ಬೆಳೆಸಿದ್ದರಿಂದ ದಾರಿ ಬದಲಿಸಿದ ಮಿನಾಕ್ಸಿಡಿಲ್, ಮತ್ತು ಡಿಎಚ್‌ಟಿ ತಯಾರಾಗುವುದನ್ನೇ ತಗ್ಗಿಸುವ ಫಿನಾಸ್ಟರೈಡ್. ನೆಟ್ಟ ಕೂದಲು ಉಳಿಯುತ್ತದೆ, ಆದರೆ ಅದರ ಹಿಂದಿನ ನಿಮ್ಮದೇ ಕೂದಲು ಉದುರುವುದು ನಿಂತಿರುವುದಿಲ್ಲ. ಔಷಧವಿಲ್ಲದೆ ಹತ್ತು ವರ್ಷ ಬಿಟ್ಟರೆ ಹಣೆಯಲ್ಲಿ ಕೂದಲು, ನಡುವೆ ಬಯಲು ಎಂಬ ವಿಚಿತ್ರ ತಲೆ ಆಗಬಹುದು. ಇಪ್ಪತ್ತೆರಡು–ಇಪ್ಪತ್ತಮೂರರ ಹುಡುಗರಿಗೆ ಕಸಿ ಬೇಡ ಎಂದು ಒಳ್ಳೆಯ ವೈದ್ಯರು ವಾಪಸು ಕಳಿಸುವುದು ಇದೇ ಕಾರಣಕ್ಕೆ. ಫಿನಾಸ್ಟರೈಡ್ ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗಿಸುತ್ತದೆ, ಮನಸ್ಸನ್ನು ಕುಂದಿಸುವುದೂ ಉಂಟು; ಮೆಡಿಕಲ್ ಶಾಪಿನಲ್ಲಿ ಕೇಳಿ ತಿನ್ನುವ ಮಾತ್ರೆಯಲ್ಲ. ಒಡೆದ ಮಾತ್ರೆಯನ್ನು ಗರ್ಭಿಣಿಯರು ಮುಟ್ಟಬಾರದು. ಮಿನಾಕ್ಸಿಡಿಲ್ ಹಚ್ಚಿದ ತಲೆಯನ್ನು ಬೆಕ್ಕು ನೆಕ್ಕದಂತೆಯೂ ನೋಡಿಕೊಳ್ಳಿ, ಬೆಕ್ಕಿಗೆ ಆ ಮದ್ದು ವಿಷ.

ಮುಡಿ ಮತ್ತು ಹರಕೆ

ಆಸ್ಪತ್ರೆಯ ಚೀಟಿಯಲ್ಲಿ ಇಲ್ಲದ, ಈ ಸೀಮೆಯ ಪ್ರತಿ ಮನೆಯಲ್ಲೂ ಏಳುವ ಪ್ರಶ್ನೆ: ಮಾದಪ್ಪನಿಗೆ ಮುಡಿ ಕೊಡಬಹುದೇ? ಮಲೆ ಮಹದೇಶ್ವರನಿಗೋ ತಿರುಪತಿಗೋ ಪಳನಿಗೋ ಹರಕೆ ಇಲ್ಲದ ಕುಟುಂಬ ಇಲ್ಲಿ ಅಪರೂಪ.

ಕೊಡಬಹುದು. ನೆಟ್ಟ ಕೂದಲು ಉಳಿದ ಕೂದಲಿನಂತೆಯೇ ಮತ್ತೆ ಬೆಳೆಯುತ್ತದೆ. ಕತ್ತಿ ತೆಗೆಯುವುದು ಚರ್ಮದ ಮೇಲಿನದನ್ನು, ಬುಡ ನಾಲ್ಕೈದು ಮಿಲಿಮೀಟರ್ ಕೆಳಗಿರುತ್ತದೆ. ಆದರೆ ಒಂದು ವರ್ಷ ತುಂಬಲಿ. ಎಳೆ ಚರ್ಮ, ಗುಳ್ಳೆ, ಮರಗಟ್ಟಿದ ಜಾಗ ಇರುವ ತಿಂಗಳುಗಳಲ್ಲಿ ಕತ್ತಿ ಆಡಿದರೆ ಗಾಯ ಗೊತ್ತೇ ಆಗುವುದಿಲ್ಲ. ಬೋಳಿಸಿದಾಗ ಹಿಂದಲೆಯ ಕಲೆ ಕಾಣುತ್ತದೆ ಎಂಬುದನ್ನೂ ತಿಳಿದಿರಿ. ಎಫ್‌ಯುಟಿಯ ಗೆರೆ ಎದ್ದು ತೋರುತ್ತದೆ, ಎಫ್‌ಯುಇಯ ಚುಕ್ಕಿಗಳು ಅಷ್ಟಿಲ್ಲ. ಮುಂದೆ ಮುಡಿ ಕೊಡುವ ಅಭ್ಯಾಸವಿರುವ ಮನೆತನದವರು ಇದನ್ನು ವೈದ್ಯರಿಗೆ ಮೊದಲೇ ಹೇಳಿ ವಿಧಾನ ಆರಿಸಿಕೊಳ್ಳಬೇಕು. ಬಾಕಿ ಹರಕೆ ಇದ್ದರೆ, ವೈದ್ಯರು ಒಮ್ಮೆ ಪೂರ್ತಿ ಕೂದಲಿರುವ ತಲೆ ನೋಡಿ ಲೆಕ್ಕ ಹಾಕಿದ ಮೇಲೆ, ಕಸಿಗೆ ಕೆಲವು ವಾರ ಮುಂಚೆ ತೀರಿಸಿಕೊಂಡರೆ ಎರಡೂ ಕೆಲಸ ಸುಸೂತ್ರ.

ಸಾವು ಹೇಳಿ ಬರುವುದಿಲ್ಲ. ಕಸಿಯಾದ ಹೊಸತರಲ್ಲಿ ಮನೆಯಲ್ಲಿ ಹಿರಿಯರು ತೀರಿಕೊಂಡು ತಲೆ ಬೋಳಿಸುವ ಶಾಸ್ತ್ರ ಬಂದರೆ, ತಲೆಗೆ ಆಪರೇಷನ್ ಆಗಿದೆ ಎಂದು ಕುಲದ ಯಜಮಾನರಿಗೆ ನೇರವಾಗಿ ಹೇಳಿ. ಗಾಯದ ತಲೆಗೆ ಕತ್ತಿ ಇಡಬೇಡವೆಂದು ಹೇಳುವ ವಿವೇಕ ನಮ್ಮ ಹಿರಿಯರಲ್ಲಿದೆ. ಮುಚ್ಚಿಟ್ಟುಕೊಂಡು ಕೂತರೆ ಮಾತ್ರ ಪೇಚು.

ಯಾರ ಕೈಗೆ ತಲೆ ಕೊಡುವುದು?

ಕಸಿಯನ್ನು ಸಲೂನಿನ ಕೆಲಸವೆಂದುಕೊಂಡು ಜನ ಜೀವ ಕಳೆದುಕೊಂಡಿದ್ದಾರೆ. 2016ರಲ್ಲಿ ಚೆನ್ನೈಯ ಒಂದು ಕೇಂದ್ರದಲ್ಲಿ ಕಸಿ ಮಾಡಿಸಿಕೊಂಡ ವೈದ್ಯಕೀಯ ವಿದ್ಯಾರ್ಥಿಯೊಬ್ಬ ತೀರಿಕೊಂಡ. ವಿಚಾರಿಸಿದಾಗ ಆ ಕೇಂದ್ರಕ್ಕೆ ಇದ್ದದ್ದು ಸಲೂನಿನ ಪರವಾನಗಿ. ಜೋಮು ಹಿಡಿಸಲು ಚುಚ್ಚುವ ಲಿಗ್ನೋಕೇನ್ ಮೈತೂಕಕ್ಕೆ ತಕ್ಕ ಮಿತಿ ಮೀರಿದರೆ ಹೃದಯ, ಮಿದುಳು ಎರಡನ್ನೂ ಹಿಡಿಯುತ್ತದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಕಸಿ ಮಾಡಬೇಕಾದವರು ತಕ್ಕ ತರಬೇತಿ ಇರುವ ನೋಂದಾಯಿತ ವೈದ್ಯರು, ಮುಖ್ಯವಾಗಿ ಚರ್ಮವೈದ್ಯರು ಅಥವಾ ಪ್ಲಾಸ್ಟಿಕ್ ಸರ್ಜನ್ನರು. ಯೂಟ್ಯೂಬ್ ನೋಡಿ, ಕಾರ್ಯಾಗಾರದಲ್ಲಿ ಕೂತು ಕಲಿತದ್ದು ತರಬೇತಿಯಲ್ಲ ಎಂದು ಅದು ಬಿಡಿಸಿ ಹೇಳಿದೆ.

ಹಾಗಾಗಿ ಕೇಳಿ: ತೂತು ಮಾಡುವವರು ಯಾರು, ನೆಡುವವರು ಯಾರು, ವೈದ್ಯರು ಕೊನೆಯವರೆಗೆ ಕೋಣೆಯಲ್ಲಿರುತ್ತಾರಾ, ಉಸಿರು ಕಟ್ಟಿದರೆ ಆಮ್ಲಜನಕ ಇದೆಯಾ. ಕರ್ನಾಟಕದಲ್ಲಾದರೆ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ (ಕೆಪಿಎಂಇ) ನೋಂದಣಿ ಪತ್ರ ಕಣ್ಣಿಗೆ ಕಾಣುವಂತೆ ಹಾಕಿರಬೇಕು. ಬಿಪಿ, ಸಕ್ಕರೆ ಕಾಯಿಲೆ, ರಕ್ತ ತೆಳುವಾಗಿಸುವ ಮಾತ್ರೆ, ಔಷಧದ ಅಲರ್ಜಿ ಯಾವುದನ್ನೂ ಬಚ್ಚಿಡಬೇಡಿ. ಬಿಲ್ ಕೇಳಿ ಪಡೆಯಿರಿ. ಅಂದಕ್ಕಾಗಿ ಮಾಡುವ ಕೂದಲು ಕಸಿಗೆ ಉಳಿದ ಚಿಕಿತ್ಸೆಗಳಿಗಿರುವ ಜಿಎಸ್‌ಟಿ ವಿನಾಯಿತಿ ಇಲ್ಲ, ಆರೋಗ್ಯ ವಿಮೆಯೂ ಸಾಮಾನ್ಯವಾಗಿ ಕೊಡುವುದಿಲ್ಲ. ಖರ್ಚಿನ ಲೆಕ್ಕದಲ್ಲಿ ಇವನ್ನೂ ಸೇರಿಸಿಕೊಳ್ಳಿ. ಬಿಡುಗಡೆ ಚೀಟಿಯಲ್ಲಿ ಎಷ್ಟು ಗ್ರಾಫ್ಟ್, ಯಾವ ಜಾಗಕ್ಕೆ ಎಂದು ಬರೆಸಿಕೊಳ್ಳಿ. ಚೀಟಿಯ ಭಾಷೆ ಬಾರದಿದ್ದರೆ ಓದಿಸಿಕೊಂಡು, ತೊಳೆಯುವ ದಿನ, ಮಾತ್ರೆಯ ಹೊತ್ತು ಕನ್ನಡದಲ್ಲಿ ಬರೆದುಕೊಂಡೇ ಹೊರಡಿ.

ಹೆಂಗಸರ ಮಾತು ಬೇರೆ. ಬೈತಲೆ ಅಗಲವಾಗುತ್ತಾ ತಲೆಯಿಡೀ ತೆಳುವಾಗುವವರಿಗೆ ಹಿಂದಲೆಯೂ ತೆಳುವಾಗಿರುವುದರಿಂದ ಕಸಿ ಹೊಂದುವುದು ಕಡಿಮೆ. ಬಾಣಂತನ, ಟೈಫಾಯಿಡ್, ಡೆಂಗಿ ಆಗಿ ಎರಡು ಮೂರು ತಿಂಗಳಿಗೆ ರಾಶಿ ರಾಶಿ ಉದುರಿದರೆ ಅದಕ್ಕೆ ಕಸಿ ಬೇಡವೇ ಬೇಡ, ತಾನಾಗಿ ಬರುತ್ತದೆ. ರಕ್ತಹೀನತೆ, ಥೈರಾಯ್ಡ್ ನೋಡಿಸಿದರೆ ಸಾಕು. ನಾಣ್ಯದ ಗಾತ್ರದಲ್ಲಿ ಗುಂಡಗೆ ಉದುರುವುದೂ ಬೇರೆಯೇ ಕಾಯಿಲೆ, ಅದಕ್ಕೆ ಚರ್ಮವೈದ್ಯರ ಮದ್ದಿದೆ.

ಊರಿಗೆ ಬಂದ ಮೇಲೆ ಜ್ವರ, ಹೆಚ್ಚುತ್ತಾ ಹೋಗುವ ನೋವು, ಕೀವು, ಕೆಟ್ಟ ವಾಸನೆ, ಒತ್ತಿ ಹಿಡಿದರೂ ನಿಲ್ಲದ ರಕ್ತ, ಚರ್ಮ ಕಪ್ಪಾಗುವುದು, ಇವುಗಳಲ್ಲಿ ಯಾವುದು ಕಂಡರೂ ಕೊಯಮತ್ತೂರಿನ ಬಸ್ಸಿಗೆ ಕಾಯಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೋ ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ಅಂದೇ ತೋರಿಸಿ, ಆಪರೇಷನ್ ಮಾಡಿದವರಿಗೆ ಫೋನ್ ಮಾಡಿ. ಇವು ಯಾವುವೂ ಇಲ್ಲದೆ ಬರೀ ಕೂದಲು ಉದುರುತ್ತಿದ್ದರೆ ಸುಮ್ಮನಿರಿ. ಹನ್ನೆರಡು ತಿಂಗಳು ತುಂಬುವ ಮುಂಚೆ ಎರಡನೇ ಕಸಿಗೆ ಯಾರು ದಿನ ಗೊತ್ತುಮಾಡಿದರೂ ಒಪ್ಪಬೇಡಿ.